ರಿಪೇರಿಯೋ ಹೊಸದೋ? ಬಂಡಿಯಿಂದ ಬೊಲೆರೊ ತನಕ ಒಂದು ಹಳೆ ಪ್ರಶ್ನೆ

ಈ ಕಡೆ ತಲೆ ಹಾಕದೆ ನಾಲ್ಕು ತಿಂಗಳಾಯ್ತು. ಕೆಲಸ, ರಿಲೀಸು, ಅದು ಇದು ಅಂತ ನೆಪಗಳಿಗೇನೂ ಬರ ಇಲ್ಲ. ಆದರೆ 2025ರ ದೀಪಾವಳಿಗೆ ಊರಿಗೆ ಹೋದಾಗ ಶುರುವಾದ ಒಂದು ಚರ್ಚೆ ತಲೆಯೊಳಗೆ ಇನ್ನೂ ಕೊರೀತಾನೇ ಇದೆ. ಬರೆದು ಹಗುರಾಗೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಚಾ ಪಕ್ಕದಲ್ಲಿಟ್ಟುಕೊಂಡು ಓದಿ :)

ನಮ್ಮೂರು ಅತನೂರ. ಕಲಬುರಗಿ ಜಿಲ್ಲೆ, ಅಫಜಲಪುರ ತಾಲ್ಲೂಕು. ಭೀಮಾ ನದಿಯ ಸೀಮೆ, ಎರೆ ಭೂಮಿ, ತೊಗರಿ. ಮಳೆ ಬಿದ್ದರೆ ನಮ್ಮ ಹೊಲದ ದಾರಿಯ ಕೆಸರು ಚಪ್ಪಲಿಯನ್ನು ಕಿತ್ತುಕೊಂಡು ವಾಪಸ್ ಕೊಡೋದಿಲ್ಲ. ಇಂಥ ಊರಲ್ಲಿ ಮನೆ ಮುಂದೆ ಒಂದು ಗಟ್ಟಿ ಗಾಡಿ ಇರೋದು ಶೋಕಿಗಲ್ಲ.

ನಮ್ಮ ಮನೆಯ ಗಾಡಿ 2005ರ ಬೊಲೆರೊ. ಅದು ಬಂದಾಗ ನಾನು ಎರಡನೇ ಕ್ಲಾಸು. ದೇವಲ ಗಾಣಗಾಪುರಕ್ಕೆ ಒಯ್ದು ಪೂಜೆ ಮಾಡಿಸಿ, ನಾಲ್ಕೂ ಗಾಲಿ ಕೆಳಗೆ ನಿಂಬೆಹಣ್ಣು ಇಟ್ಟಿದ್ದು, ಹಿಂದಿನ ಸೀಟಲ್ಲಿ ಒಂಬತ್ತು ಜನ ಮಕ್ಕಳು ತುಂಬಿಕೊಂಡಿದ್ದು ನಿನ್ನೆಯಂತೆ ನೆನಪಿದೆ. ಆಮೇಲೆ ಅದರಲ್ಲಿ ಏನೇನು ಹೋಗಿಲ್ಲ! ಗೊಬ್ಬರ, ಬೀಜ, ಮದುವೆ ಹೆಣ್ಣು, ಸೊಲ್ಲಾಪುರದ ಆಸ್ಪತ್ರೆಗೆ ಆಯಿ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ದಂಡೆಯ ಊರುಗಳು ಖಾಲಿ ಆದಾಗ, ನಮ್ಮ ನೆಂಟರ ಎರಡು ಮನೆಯ ಸಂಸಾರವೆಲ್ಲ ಇದರಲ್ಲೇ ನಮ್ಮೂರಿಗೆ ಬಂತು.

ದೀಪಾವಳಿಯ ದಿನ ಗಾಡಿಗೆ ಪೂಜೆ ಮಾಡೋಕೆ ಡ್ಯಾಶ್‌ಬೋರ್ಡ್ ಒರೆಸುತ್ತಿದ್ದೆ. ಒಳಗಿದ್ದ ಆರ್‌ಸಿ ಕಣ್ಣಿಗೆ ಬಿತ್ತು. ನೋಂದಣಿ ಫೆಬ್ರವರಿಯಲ್ಲೇ ಮುಗಿದಿದೆ! ಎಂಟು ತಿಂಗಳಿಂದ ಅಪ್ಪ ಅದನ್ನು ನೋಡದೇ ಓಡಿಸ್ತಾ ಇದ್ದಾರೆ.

"ಅಪ್ಪಾ, ಇದರ ಪಾಸಿಂಗ್ ಮುಗದು ಹೋಗ್ಯದ."

"ಹೌದೇನು? ಹಂಗಾದ್ರ ಮುಗೀತು ಬಿಡು. ಮಾರಿಬಿಡೂನು."

ಅಷ್ಟೇ. ಇಪ್ಪತ್ತು ವರ್ಷದ ಸಂಬಂಧಕ್ಕೆ ಎರಡು ಮಾತು. ನಾನು ಬೆಂಗಳೂರಲ್ಲಿ ಕೂತು ಆ ಗಾಡಿಯನ್ನು ಮನೆಯ ಹಿರಿಯ ಸದಸ್ಯ ಅಂತ ಭಾವಿಸಿಕೊಂಡಿದ್ದೆ. ದಿನಾ ಅದರ ಕ್ಲಚ್ ತುಳಿಯುವವರಿಗೆ ಅಂಥ ಭಾವನೆ ಏನೂ ಇರಲಿಲ್ಲ.

ರಿಪೇರಿ ಮಾಡಿಸಿ ಇಟ್ಟುಕೊಳ್ಳೋದಾ, ಕೊಟ್ಟು ಹೊಸದು ತರೋದಾ? ಮೂರು ದಿನ ಮನೆಯಲ್ಲಿ ಇದೇ ಮಾತು. ಮಾತು ಮುಂದುವರಿದ ಹಾಗೆ ನನಗೆ ಅನ್ನಿಸಿದ್ದು, ಈ ಪ್ರಶ್ನೆ ನಮ್ಮ ಮನೆಯದಷ್ಟೇ ಅಲ್ಲ, ಇದಕ್ಕೊಂದು ಇತಿಹಾಸ ಇದೆ ಅಂತ. ಆ ಇತಿಹಾಸವನ್ನೇ ಇಲ್ಲಿ ಹೇಳಲು ಹೊರಟಿದ್ದೇನೆ.

ಬಂಡಿಯ ಕಾಲ

ಮುತ್ಯಾನನ್ನು ಕೇಳಿದೆ. ನಿಮ್ಮ ಕಾಲದಲ್ಲಿ ಬಂಡಿ ಹಳೇದಾದ್ರ ಏನ್ ಮಾಡ್ತಿದ್ರಿ ಅಂತ. ಮುತ್ಯಾ ನಕ್ಕುಬಿಟ್ಟ.

"ಬಂಡಿ ಎಲ್ಲಿ ಹಳೇದಾಗ್ತದಲೇ? ಗಾಲಿ ಹಳೇದಾಗ್ತದ, ಅಚ್ಚು ಹಳೇದಾಗ್ತದ, ನೊಗ ಮುರೀತದ. ಅದನ್ನಷ್ಟ ಬದ್ಲಿ ಮಾಡೂದು."

ಗಾಲಿಗೆ ಜಾಲಿ ಕಟ್ಟಿಗೆ. ಬಡಿಗೇರ ಅದನ್ನು ಕಡಿದು ಜೋಡಿಸುತ್ತಿದ್ದ. ಕಂಬಾರ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ಗಾಲಿಯ ಮೇಲೆ ಕೂರಿಸಿ ನೀರು ಹೊಯ್ಯುತ್ತಿದ್ದ. ಹಳಿ ಕುಗ್ಗಿ ಕಟ್ಟಿಗೆಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಉಷ್ಣ ವಿಸ್ತರಣೆ ಅಂತ ನಾವು ಸೂತ್ರ ಬಾಯಿಪಾಠ ಮಾಡಿದ್ದು ಇದನ್ನೇ!

ಆದರೆ ನನ್ನ ಕಿವಿ ನಿಮಿರಿದ್ದು ಇದಕ್ಕಲ್ಲ. ದುಡ್ಡಿನ ವ್ಯವಸ್ಥೆಗೆ. ಬಡಿಗೇರ, ಕಂಬಾರರಿಗೆ ಪ್ರತಿ ಸಲದ ರಿಪೇರಿಗೆ ರೊಕ್ಕ ಇರಲಿಲ್ಲ. ಸುಗ್ಗಿಯಲ್ಲಿ ರಾಶಿ ಆದ ಮೇಲೆ ಕಣದಲ್ಲೇ ಕಾಳು ಕೊಡುತ್ತಿದ್ದರು. ಅದಕ್ಕೆ ಆಯ ಅಂತ ಹೆಸರು. ಪಕ್ಕದ ಮರಾಠಿ ಸೀಮೆಯಲ್ಲಿ ಇದನ್ನೇ ಬಲುತೆ ಅಂತಾರೆ. ಆ ಆಯದಲ್ಲಿ ವರ್ಷವಿಡೀ ಕುಂಟೆ, ಕೂರಿಗೆ, ಬಂಡಿಯ ಸಣ್ಣಪುಟ್ಟ ದುರಸ್ತಿ ಎಲ್ಲ ಬಂತು. ಹೊಸ ಬಂಡಿ ಮಾಡಿಸಬೇಕೆಂದರೆ ಮಾತ್ರ ಅದರ ಲೆಕ್ಕವೇ ಬೇರೆ.

ನಮ್ಮ ಆಫೀಸಿನ ಭಾಷೆಯಲ್ಲಿ ಇದು ವಾರ್ಷಿಕ ನಿರ್ವಹಣಾ ಒಪ್ಪಂದ. ರಿಪೇರಿಯ ಖರ್ಚು ಮೊದಲೇ ಕೊಟ್ಟಾಗಿದೆ, ಹೊಸದಕ್ಕೆ ಕೈಯಿಂದ ಬಿಚ್ಚಬೇಕು. ಹೀಗಿರುವಾಗ ಯಾರು ಹೊಸದು ಮಾಡಿಸ್ತಾರೆ? ರಿಪೇರಿ ಮಾಡಿಸೋದು ನಮ್ಮ ಹಿರಿಯರ ಗುಣ, ಬಿಸಾಡೋದು ನಮ್ಮ ದುರ್ಗುಣ ಅಂತೆಲ್ಲ ನಾವು ಭಾಷಣ ಮಾಡ್ತೀವಿ. ಗುಣದ ಹಿಂದೆ ಒಂದು ಲೆಕ್ಕ ಇತ್ತು. ಆ ಲೆಕ್ಕದ ಹಿಂದೆ ಒಂದು ಅನ್ಯಾಯವೂ ಇತ್ತು. ಬಡಿಗೇರನ ಮಗ ಬಡಿಗೇರನೇ ಆಗಬೇಕಿತ್ತು. ಬರ ಬಿದ್ದ ವರ್ಷ ಕಣದಲ್ಲಿ ಕಾಳೇ ಇಲ್ಲದಿದ್ದರೆ ಅವನ ಪಾಲಿಗೂ ಇಲ್ಲ. ಆದರೂ ಗಾಲಿ ರಿಪೇರಿ ತಪ್ಪುತ್ತಿರಲಿಲ್ಲ.

ಯುದ್ಧದಿಂದ ಬಂದ ಗಾಡಿ

ಈಗ ಜೀಪಿನ ಕಥೆಗೆ ಬರೋಣ. ಬೊಲೆರೊದ ವಂಶವೃಕ್ಷ ಹತ್ತಿದರೆ ಸಿಗೋದು ಎರಡನೇ ಮಹಾಯುದ್ಧ.

1940ರಲ್ಲಿ ಅಮೆರಿಕದ ಸೈನ್ಯಕ್ಕೆ ಎಲ್ಲೆಂದರಲ್ಲಿ ಹೋಗುವ ಒಂದು ಹಗುರ ಗಾಡಿ ಬೇಕಾಯಿತು. ಬ್ಯಾಂಟಮ್ ಅನ್ನೋ ಸಣ್ಣ ಕಂಪನಿ ಕಾರ್ಲ್ ಪ್ರೋಬ್ಸ್ಟ್ ಎಂಬ ಇಂಜಿನಿಯರನ್ನು ಕರೆಸಿ ಕೆಲವೇ ವಾರಗಳಲ್ಲಿ ಮಾದರಿ ಮಾಡಿಕೊಟ್ಟಿತು. ಆದರೆ ದೊಡ್ಡ ಆರ್ಡರ್ ಸಿಕ್ಕಿದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. (ಐಡಿಯಾ ಒಬ್ಬರದು, ಪ್ರಮೋಶನ್ ಇನ್ನೊಬ್ಬರಿಗೆ. ಐಟಿಯವರಿಗೆ ಬಿಡಿಸಿ ಹೇಳಬೇಕಿಲ್ಲ!) ವಿಲ್ಲಿಸ್‌ನ ಗೆಲುವಿಗೆ ಕಾರಣ ಬಾರ್ನಿ ರೂಸ್ ಪಳಗಿಸಿದ 60 ಅಶ್ವಶಕ್ತಿಯ ಎಂಜಿನ್. ಯುದ್ಧ ಮುಗಿಯುವಷ್ಟರಲ್ಲಿ ಎರಡೂ ಕಂಪನಿ ಸೇರಿ ಸುಮಾರು 6.4 ಲಕ್ಷ ಜೀಪು ಮಾಡಿದ್ದವು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಫೋರ್ಡ್ ತನ್ನ ಜೀಪನ್ನು ವಿಲ್ಲಿಸ್‌ನ ನಕ್ಷೆಯ ಪ್ರಕಾರವೇ ಮಾಡಬೇಕಿತ್ತು. ಇದರ ಭಾಗ ಅದಕ್ಕೆ, ಅದರ ಭಾಗ ಇದಕ್ಕೆ ಕೂರುತ್ತಿತ್ತು. ರಣರಂಗದಲ್ಲಿ ಎರಡು ಕೆಟ್ಟ ಜೀಪಿನಿಂದ ಒಂದು ಓಡುವ ಜೀಪು ಎಬ್ಬಿಸಬಹುದಿತ್ತು. ಅಂದರೆ ಈ ಗಾಡಿ ಹುಟ್ಟಿದ್ದೇ ರಿಪೇರಿಗಾಗಿ. ಮುತ್ಯಾನ ಬಂಡಿಯ ಹಾಗೆಯೇ, ಭಾಗ ಹಳೇದಾಗುತ್ತೆ, ಗಾಡಿ ಉಳಿಯುತ್ತೆ.

ಯುದ್ಧ ಮುಗಿದ ಮೇಲೆ ಭಾರತದಲ್ಲಿ ಉಳಿದ ಸೈನ್ಯದ ಮಾಲನ್ನು ಡಿಸ್ಪೋಸಲ್ ಅಂತ ಮಾರಿದರು. ಎಷ್ಟೋ ಜನರ ಮೊದಲ ಮೋಟಾರು ಹೀಗೆ ಸಿಕ್ಕಿದ್ದು.

ಸ್ವತಂತ್ರ ಭಾರತದ ಮೊದಲ ಹಗರಣ ಮತ್ತು ನಮ್ಮ ಪ್ರಶ್ನೆ

ಇದು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣ ಅಂತ ಕರೆಯುವ 1948ರ ಜೀಪ್ ಹಗರಣ ಇದೆಯಲ್ಲ, ಅದರ ತಿರುಳು ಕೂಡ "ರಿಪೇರಿ ಆದದ್ದೋ, ಹೊಸದೋ" ಅನ್ನೋದೇ!

ಕಾಶ್ಮೀರದಲ್ಲಿ ಯುದ್ಧ ನಡೀತಿತ್ತು. ಸೈನ್ಯಕ್ಕೆ ತುರ್ತಾಗಿ ಜೀಪು ಬೇಕಿತ್ತು. ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಅಲ್ಲಿನ ಒಂದು ಸಣ್ಣ ಕಂಪನಿಯ ಜೊತೆ ದುರಸ್ತಿ ಮಾಡಿದ ಹಳೆ ಜೀಪುಗಳಿಗೆ ಒಪ್ಪಂದ ಮಾಡಿಕೊಂಡರು. ಮುಂಗಡವಾಗಿ ದೊಡ್ಡ ಮೊತ್ತ ಹೋಯಿತು. 155 ಜೀಪು ಮದ್ರಾಸ್ ಬಂದರಿಗೆ ಬಂದವು. ಪರೀಕ್ಷೆ ಮಾಡಿದ ಸೈನ್ಯ, ಇವು ಬಳಕೆಗೆ ಯೋಗ್ಯ ಅಲ್ಲ ಅಂದಿತು. ಸಂಸತ್ತಿನಲ್ಲಿ ವರ್ಷಗಟ್ಟಲೆ ಗದ್ದಲ ನಡೆದು, 1955ರಲ್ಲಿ ಗೃಹಮಂತ್ರಿ ಗೋವಿಂದ ವಲ್ಲಭ ಪಂತ್ ಸರ್ಕಾರದ ಪಾಲಿಗೆ ಈ ಪ್ರಕರಣ ಮುಗಿದಿದೆ ಅಂದರು. ಮರುವರ್ಷ ಮೆನನ್ ಕೇಂದ್ರ ಮಂತ್ರಿ ಆದರು.

ರಾಜಕೀಯ ಬದಿಗಿರಲಿ. ನನಗೆ ಇದರಲ್ಲಿ ಕಾಣಿಸಿದ್ದು ಇಷ್ಟು. ದುರಸ್ತಿ ಮಾಡಿದ ಗಾಡಿ ಕೊಳ್ಳೋದು ತಪ್ಪಲ್ಲ. ಆದರೆ ದುರಸ್ತಿ ಮಾಡಿದವನು ಯಾರು, ಅವನ ಕೆಲಸವನ್ನು ಕಣ್ಣಾರೆ ನೋಡಿದವರು ಯಾರು ಅನ್ನೋದು ಗೊತ್ತಿರಬೇಕು. ಬಡಿಗೇರ ಗಾಲಿ ಕೆಡಿಸಿದರೆ ಮರುದಿನ ಅದೇ ಓಣಿಯಲ್ಲಿ ಓಡಾಡಬೇಕಿತ್ತು. ಸಮುದ್ರದ ಆಚೆಯ ಕಂಪನಿಗೆ ಆ ಹಂಗು ಇರಲಿಲ್ಲ.

ಅಂದ ಹಾಗೆ, ಅದೇ 1948ರ ಸೆಪ್ಟೆಂಬರಿನಲ್ಲೇ ಭಾರತದ ಸೈನ್ಯ ಸೊಲ್ಲಾಪುರದ ಕಡೆಯಿಂದ ನಳದುರ್ಗದ ಮೂಲಕ ನಿಜಾಮನ ರಾಜ್ಯಕ್ಕೆ ನುಗ್ಗಿದ್ದು. 13ರಂದು ಹೊರಟಿತು, 17ಕ್ಕೆ ಮುಗಿಯಿತು. ನಮ್ಮ ಭಾಗ ಭಾರತಕ್ಕೆ ಸೇರಿದ್ದು ಹಾಗೆ.

ಎಂ ಅಂಡ್ ಎಂ

ಲೂಧಿಯಾನಾದ ಮಹೀಂದ್ರ ಸೋದರರಾದ ಜೆ.ಸಿ. ಮತ್ತು ಕೆ.ಸಿ. ಮಹೀಂದ್ರ, ಮಲಿಕ್ ಗುಲಾಂ ಮೊಹಮ್ಮದ್ ಅವರ ಜೊತೆ ಸೇರಿ 1945ರಲ್ಲಿ ಉಕ್ಕಿನ ವ್ಯಾಪಾರ ಶುರು ಮಾಡಿದರು. ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ದೇಶ ಇಬ್ಭಾಗ ಆದಾಗ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿ ಆದರು, 1951ರಲ್ಲಿ ಗವರ್ನರ್ ಜನರಲ್ ಕೂಡ ಆದರು. ಇತ್ತ ಕಂಪನಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಎಂ ಅಂಡ್ ಎಂ ಅನ್ನೋ ಅಕ್ಷರಗಳು ಮಾತ್ರ ಹಾಗೇ ಉಳಿದವು. ಹೆಸರನ್ನೂ ಬಿಸಾಡದೆ ರಿಪೇರಿ ಮಾಡಿಕೊಂಡರು ನೋಡಿ!

1947ರಲ್ಲಿ ಬಿಡಿಭಾಗಗಳಾಗಿ 75 ವಿಲ್ಲಿಸ್ ಜೀಪು ತರಿಸಿದ ಕಂಪನಿ, 1949ರ ಹೊತ್ತಿಗೆ ಮುಂಬಯಿಯ ಮಝಗಾಂವ್‌ನಲ್ಲಿ ಜೋಡಿಸತೊಡಗಿತು. ಮುಂದೆ ನಮ್ಮ ರಸ್ತೆಗಳಲ್ಲಿ ದಶಕಗಟ್ಟಲೆ ಕಂಡ ಎತ್ತರದ ಬಾನೆಟ್ಟಿನ ಜೀಪು ಸಿಜೆ-3ಬಿ. ಬಾನೆಟ್ ಯಾಕೆ ಅಷ್ಟು ಎತ್ತರ? ಹಳೆ ಗಾಡಿಗೆ ಎತ್ತರದ ಹೊಸ ಎಂಜಿನ್ ತುರುಕಬೇಕಿತ್ತು. ಗಾಡಿ ಹೊಸದಾಗಿ ಮಾಡೋ ಬದಲು ಮುಚ್ಚಳ ಎತ್ತರಿಸಿದರು. ನಮ್ಮ ಪ್ರಾಜೆಕ್ಟಿನಲ್ಲೂ ಡೆಡ್‌ಲೈನ್ ಹತ್ತಿರ ಬಂದಾಗ ನಾವು ಮಾಡೋದು ಇದನ್ನೇ.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಬ್ಲಾಕು, ಬಿ.ಡಿ.ಓ., ಅವರಿಗೊಂದು ಜೀಪು. ಹಳ್ಳಿಯ ಮಟ್ಟಿಗೆ ಸರ್ಕಾರ ಅಂದರೆ ಜೀಪು, ಜೀಪು ಅಂದರೆ ಸರ್ಕಾರ. "ಜೀಪ್ ಬಂತು" ಅಂದರೆ ಮುತ್ಯಾನ ತಲೆಮಾರಿನ ಹುಡುಗರು ಹಿಂದೆ ಓಡುತ್ತಿದ್ದರು, ದೊಡ್ಡವರು ಮನೆ ಒಳಗೆ ಹೋಗುತ್ತಿದ್ದರಂತೆ. ವಸೂಲಿಗೆ ಬಂದಿದ್ದಾರೋ ಲಸಿಕೆಗೆ ಬಂದಿದ್ದಾರೋ ಯಾರಿಗೆ ಗೊತ್ತು!

ಹೊಸ ಗಾಡಿ ಸುಲಭಕ್ಕೆ ಸಿಗುವ ಕಾಲ ಅದಲ್ಲ. 1953ರ ಸುಂಕ ಆಯೋಗದ ವರದಿಯ ನಂತರ, ಇಲ್ಲೇ ತಯಾರಿಸುವ ಯೋಜನೆ ಇಲ್ಲದ ಕಂಪನಿಗಳಿಗೆ ಜಾಗ ಇಲ್ಲ ಅಂತ ಆಯಿತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು. ಉಳಿದ ಕೆಲವೇ ಕಂಪನಿ, ಲೈಸೆನ್ಸು, ಪರ್ಮಿಟ್ಟು, ಕಾಯುವ ಪಟ್ಟಿ. ಹೀಗಾಗಿ ಇದ್ದ ಗಾಡಿ ಬದುಕಿಸಿಕೊಳ್ಳೋದು ಅನಿವಾರ್ಯ ಆಯಿತು. ಆ ಅನಿವಾರ್ಯದಿಂದಲೇ ಒಂದು ಹೊಸ ಕಸುಬು ಹುಟ್ಟಿತು. ಮಿಸ್ತ್ರಿ.

ಟ್ರ್ಯಾಕ್ಟರಿನ ಹೃದಯ

1973ರಲ್ಲಿ ತೈಲ ಬಿಕ್ಕಟ್ಟು ಬಂತು. ಪೆಟ್ರೋಲ್ ಜೀಪು ಸಾಕೋದು ಆನೆ ಸಾಕಿದ ಹಾಗಾಯಿತು. ಮಹೀಂದ್ರ 1960ರ ದಶಕದಿಂದಲೇ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಬಿ-275 ಟ್ರ್ಯಾಕ್ಟರ್ ಮಾಡುತ್ತಿತ್ತು. 70ರ ದಶಕದ ನಡುವೆ ಆ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನನ್ನೇ ಜೀಪಿಗೆ ಇಳಿಸಿದರು. ಆಮೇಲೆ ಫ್ರಾನ್ಸಿನ ಪೂಜೋ ಕಂಪನಿಯ ಡೀಸೆಲ್ ಎಂಜಿನ್ ಬಂತು.

ಟ್ರ್ಯಾಕ್ಟರ್ ಎಂಜಿನ್ ಹಾಕಿದ ಜೀಪು ಸದ್ದು ಮಾಡುತ್ತೆ, ನಡುಗುತ್ತೆ, ಓಡಲ್ಲ. ನಿಜ. ಆದರೆ ಹಳ್ಳಿಯಲ್ಲಿ ಟ್ರ್ಯಾಕ್ಟರ್ ಬಿಚ್ಚಲು ಬರುವವನಿಗೆ ಜೀಪು ಬಿಚ್ಚಲೂ ಬಂತು! ಬಡಿಗೇರ ಹೋದ ಜಾಗಕ್ಕೆ ಮಿಸ್ತ್ರಿ ಬಂದು ಕೂತ. ರಿಪೇರಿಯ ವಿದ್ಯೆ ಮತ್ತೆ ಊರಿನೊಳಗೇ ಉಳಿಯಿತು. ನಮ್ಮ ಕಡೆ ಜೀಪು ಇಷ್ಟು ಕಾಲ ಬಾಳಿದ್ದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇದೇ.

1991ರ ನಂತರದ ಕಥೆ ನಿಮಗೆ ಗೊತ್ತಿರೋದೇ. 1993ಕ್ಕೆ ಮಹೀಂದ್ರ ಅರ್ಮಡಾ. 1994ಕ್ಕೆ ಟಾಟಾ ಸುಮೊ. ಅದರ ಹೆಸರಿಗೂ ಜಪಾನಿನ ಜಟ್ಟಿಗಳಿಗೂ ಸಂಬಂಧ ಇಲ್ಲ, ಟಾಟಾ ಮೋಟಾರ್ಸ್ ಕಟ್ಟಿದ ಸುಮಂತ ಮೂಲಗಾಂವಕರ್ ಅವರ ಹೆಸರಿನ ಸು ಮತ್ತು ಮೊ. 2000ಕ್ಕೆ ಅರ್ಮಡಾದ ಮೈ ತಿದ್ದಿ ಬೊಲೆರೊ ಬಂತು. 2002ಕ್ಕೆ ಸ್ಕಾರ್ಪಿಯೊ. ಅದೊಂದು ಪೂರ್ತಿ ಹೊಸದಾಗಿ ಬರೆದ ಗಾಡಿ. ಆದರೂ ವರ್ಷಗಟ್ಟಲೆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಎಸ್‌ಯುವಿ ಅನ್ನಿಸಿಕೊಂಡಿದ್ದು ತೇಪೆ ಹಾಕಿದ ಬೊಲೆರೊನೇ. ಸುಮೊ 2019ಕ್ಕೆ ನಿಂತಿತು, ಬೊಲೆರೊ ಇನ್ನೂ ಬರುತ್ತಿದೆ.

ಹದಿನೈದು ವರ್ಷದ ಗೆರೆ

ಗಾಡಿಗೆ ವಯಸ್ಸು ಅಂತ ಕಾನೂನು ಗೆರೆ ಎಳೆದಿದ್ದು ಹೇಗೆ? 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಖಾಸಗಿ ಗಾಡಿಯ ನೋಂದಣಿ 15 ವರ್ಷ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. ಹದಿನೈದು ವರ್ಷ ಆದರೆ ಗುಜರಿಗೆ ಹಾಕಲೇಬೇಕು ಅಂತ ನಮ್ಮೂರಲ್ಲಿ ಅರ್ಧ ಜನ ನಂಬಿದ್ದಾರೆ. ಅದು ತಪ್ಪು. ವಯಸ್ಸಿನ ಮೇಲೆ ಗಾಡಿ ನಿಲ್ಲಿಸುವ ಗಲಾಟೆ 2014-15ರ ಹಸಿರು ನ್ಯಾಯಮಂಡಳಿಯ ಆದೇಶಗಳಿಂದ ದಿಲ್ಲಿ ಸುತ್ತಮುತ್ತ ಶುರುವಾದದ್ದು. ಕಲಬುರಗಿಗೆ ಅದು ಅನ್ವಯಿಸಲ್ಲ.

ಆದರೆ ಬೇಡ ಅನ್ನದೇ ಬೇಡ ಅನ್ನಿಸೋ ದಾರಿ ಸರ್ಕಾರಕ್ಕೆ ಗೊತ್ತು. 2021ರ ಆಗಸ್ಟಿನಲ್ಲಿ ಗುಜರಿ ನೀತಿ ಬಂತು. ಹಳೆ ಗಾಡಿ ಒಪ್ಪಿಸಿದರೆ ಹೊಸದರ ರಸ್ತೆ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ಕೊಡಲು ರಾಜ್ಯಗಳಿಗೆ ಅವಕಾಶ. ಇನ್ನೊಂದು ಕೈಯಲ್ಲಿ ಬರೆ. ಕಾರು ಜೀಪುಗಳ ಮರುನೋಂದಣಿ ಶುಲ್ಕ ₹600 ಇದ್ದದ್ದು 2022ರ ಏಪ್ರಿಲಿನಿಂದ ₹5,000. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದವಕ್ಕೆ ₹10,000.

ನಮ್ಮದು 2005ರ ಫೆಬ್ರವರಿಯದು. 2020ರ ಫೆಬ್ರವರಿಯಲ್ಲಿ ಅಪ್ಪ ₹600 ಶುಲ್ಕದ ಕಾಲದಲ್ಲಿ ಮಾಡಿಸಿಕೊಂಡು ಬಂದಿದ್ದರು. 2025ರ ಫೆಬ್ರವರಿಯಲ್ಲಿ ನೆನಪಾಗಿದ್ದರೆ ₹5,000ಕ್ಕೆ ಮುಗಿಯುತ್ತಿತ್ತು. ಮರೆವಿನ ಬೆಲೆ ಇನ್ನೊಂದು ₹5,000, ತಡ ಮಾಡಿದ ದಂಡ ಬೇರೆ.

ನಮ್ಮ ಲೆಕ್ಕ

ಅಪ್ಪನಿಗೆ ಎಕ್ಸೆಲ್ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಶ್ರದ್ಧೆಯಿಂದಲೇ ನೋಡಿದರು.

ಹೊಸ ಬೊಲೆರೊ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಡೀಸೆಲ್ ಗಾಡಿಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದಿದ್ದರಿಂದ ಬೆಲೆ ಕಡಿಮೆ ಆಗಿದೆ. ನಮಗೆ ಬೇಕಾದ್ದು ರಸ್ತೆಗೆ ಇಳಿಯುವ ಹೊತ್ತಿಗೆ ಸುಮಾರು 10 ಲಕ್ಷ ಅಂತ ಹಿಡಿದೆ. 2 ಲಕ್ಷ ಕೈಯಿಂದ, 8 ಲಕ್ಷ ಸಾಲ. ಶೇ. 9.5 ಬಡ್ಡಿಯಲ್ಲಿ ಐದು ವರ್ಷ ತಿಂಗಳಿಗೆ ಸುಮಾರು ₹16,800. ವಿಮೆ, ಸರ್ವೀಸು ಸೇರಿ ಐದು ವರ್ಷಕ್ಕೆ ಸುಮಾರು 13.6 ಲಕ್ಷ ಹೋಗುತ್ತೆ. ಹಳೇದು ಮಾರಿದರೆ 1.2 ಲಕ್ಷ, ಐದು ವರ್ಷದ ನಂತರ ಹೊಸದರ ಬೆಲೆ 4.5 ಲಕ್ಷ ಅಂತ ಕಳೆದರೂ ನಿವ್ವಳ ಖರ್ಚು 8 ಲಕ್ಷದ ಹತ್ತಿರ.

ಹಳೇದು ಉಳಿಸಿಕೊಂಡರೆ, ಎಂಜಿನ್ ಬೋರ್, ಪಿಸ್ಟನ್ನು, ಕ್ಲಚ್ಚು, ಬ್ರೇಕು, ಪಾಟಾ, ತಗಡು ಕೆಲಸ ಎಲ್ಲ ಸೇರಿ 1.4 ಲಕ್ಷ. ನೋಂದಣಿ 10 ಸಾವಿರ. ವರ್ಷಕ್ಕೆ 40 ಸಾವಿರದಂತೆ ಸಣ್ಣಪುಟ್ಟ ರಿಪೇರಿ 2 ಲಕ್ಷ. ಥರ್ಡ್ ಪಾರ್ಟಿ ವಿಮೆ 45 ಸಾವಿರ. ಒಟ್ಟು 4 ಲಕ್ಷ. ಅರ್ಧಕ್ಕರ್ಧ!

ನಾನು ಗೆದ್ದೆ ಅಂದುಕೊಂಡೆ. ಅಪ್ಪ ಕನ್ನಡಕ ತೆಗೆದರು.

"ಎಲ್ಲಾ ಖರೇ ಅದ. ಹೋದ ತಿಂಗಳ ಚೌಡಾಪುರದ ಹತ್ರ ಬ್ರೇಕ್ ಹಿಡೀಲಿಲ್ಲ. ಗೇರಿನ ಮ್ಯಾಲ ನಿಂದರಸೀನಿ. ನಿಮ್ಮವ್ವ ಬಾಜೂಕ ಕುಂತಿದ್ದಳು. ಅದನ್ನ ಯಾವ ಮನ್ಯಾಗ ಬರೀತಿ?"

ಎಕ್ಸೆಲ್‌ನಲ್ಲಿ ಅದಕ್ಕೆ ಮನೆ ಇರಲಿಲ್ಲ. ನನಗೆ ಯಾರೂ ಈ ವಿಷಯ ಹೇಳಿಯೂ ಇರಲಿಲ್ಲ. ಅವ್ವ ಒಳಗಿನಿಂದ, "ಹೇಳಿದ್ರ ನೀ ಅಲ್ಲಿ ಕುಂತು ಹೆದರ್ತಿ ಅಂತ ಹೇಳಿಲ್ಲ" ಅಂದಳು.

ಅಪ್ಪನ ಮಾತಿಗೆ ಇತಿಹಾಸದ ಬಲವೂ ಇದೆ. 2019ರಿಂದ ಹೊಸ ಕಾರುಗಳಿಗೆ ಎಬಿಎಸ್ ಬ್ರೇಕು, ಡ್ರೈವರ್‌ಗೆ ಏರ್‌ಬ್ಯಾಗು ಕಡ್ಡಾಯ. ಆಮೇಲೆ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯ ಆಯಿತು. ಅವ್ವ ಕೂರೋದು ಆ ಸೀಟಲ್ಲಿ. ನಮ್ಮ ಬೊಲೆರೊದಲ್ಲಿ ಈ ಮೂರೂ ಇಲ್ಲ. ಎಷ್ಟು ರಿಪೇರಿ ಮಾಡಿಸಿದರೂ ಗಾಡಿ 2005ಕ್ಕೆ ವಾಪಸ್ ಹೋಗುತ್ತೆಯೇ ಹೊರತು 2025ಕ್ಕೆ ಬರಲ್ಲ. ಪ್ರೀತಿಯ ಭರದಲ್ಲಿ ಇದನ್ನು ನಾನು ಮರೆತೇಬಿಟ್ಟಿದ್ದೆ.

ನಮ್ಮ ಉದ್ಯೋಗದಲ್ಲಿ ಇದಕ್ಕೆ ವಿರುದ್ಧದ ಪಾಠ ಹೇಳ್ತಾರೆ. ನೆಟ್‌ಸ್ಕೇಪ್ ಕಂಪನಿ 1998ರಲ್ಲಿ ಹಳೆ ಕೋಡ್ ಬಿಟ್ಟು ಹೊಸದಾಗಿ ಬರೆಯಲು ಹೊರಟು, 2000ದ ಕೊನೆಯಲ್ಲಿ ಹೊರಬರುವಷ್ಟರಲ್ಲಿ ಸಂತೆಯೇ ಮುಗಿದಿತ್ತು. ಆದ್ದರಿಂದ ಹಳೇದನ್ನೇ ತಿದ್ದು ಅಂತ. ಸರಿ, ಆದರೆ ಕೋಡ್ ಕೆಟ್ಟರೆ ಪುಟ ತೆರೆಯಲ್ಲ ಅಷ್ಟೇ. ಬ್ರೇಕ್ ಕೆಟ್ಟರೆ ಪುಟವೇ ಮುಗಿಯುತ್ತೆ.

ಚಾಸಿಯ ಮೇಲಿನ ಬಡಿತ

ಕೊನೆಗೆ ಮಿಸ್ತ್ರಿ ಚಾಚಾನ ಹತ್ತಿರ ಹೋದೆವು. ಅರವತ್ತು ದಾಟಿದ ಜೀವ. ಬಿ-275 ಟ್ರ್ಯಾಕ್ಟರ್ ಬಿಚ್ಚಿ ಕೆಲಸ ಕಲಿತವರು. ನಮ್ಮ ಗಾಡಿ ಅವರ ಕೈಯಲ್ಲೇ ಬೆಳೆದದ್ದು.

ಅವರು ಎಂಜಿನ್ ಕಡೆ ನೋಡಲೇ ಇಲ್ಲ. ಗಾಡಿ ಕೆಳಗೆ ಮಲಗಿದರು. ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ಮುಂದಿನಿಂದ ಹಿಂದಕ್ಕೆ ಟಣ್ ಟಣ್ ಅಂತ ಬಡಿಯುತ್ತಾ ಹೋದರು. ಜಂಗು ತಿಂದ ಕಡೆ ಸದ್ದು ಬೇರೆ ಬರುತ್ತಂತೆ. ಪಾಟಾದ ಬ್ರಾಕೆಟ್ಟಿನ ಹತ್ತಿರ ಹೋದಾಗ ನಾನು ಉಸಿರು ಹಿಡಿದಿದ್ದೆ.

"ಎಂಜಿನ್ ಬ್ಯಾರೇದ ಹಾಕಬಹುದು ಬೇಟಾ, ಡೋರ್ ಬ್ಯಾರೇದ ಹಾಕಬಹುದು. ಚಾಸಿ ಹೋತಂದ್ರ ಗಾಡಿ ಹೋತು."

ಕಾನೂನು ಹೇಳೋದೂ ಹೆಚ್ಚುಕಡಿಮೆ ಇದನ್ನೇ. ಆರ್‌ಟಿಓ ಅನುಮತಿ ಪಡೆದು ಎಂಜಿನ್ ಬದಲಾಯಿಸಿ ಆರ್‌ಸಿಯಲ್ಲಿ ಬರೆಸಬಹುದು. ಗಾಡಿಯ ಗುರುತು ಉಳಿಯೋದು ಚಾಸಿ ನಂಬರಿನಲ್ಲಿ. ಮುತ್ಯಾನ ಬಂಡಿಗೆ ಇಲ್ಲದ ಆತ್ಮ ಅಂತ ಒಂದು ಮೋಟಾರಿಗೆ ಇದ್ದರೆ, ಅದು ಆ ಕಬ್ಬಿಣದ ಮೇಲೆ ಕೆತ್ತಿದ ಅಂಕಿಗಳಲ್ಲಿದೆ.

ಚಾಸಿ ಗಟ್ಟಿ ಇತ್ತು. ಚಾಚಾ ಎದ್ದು ಕೈ ಒರೆಸಿಕೊಂಡು ಹೇಳಿದ್ದನ್ನು ಹಾಗೇ ಬರೀತೀನಿ. "ಎಂಜಿನ್ ಇನ್ನಾ ಎರಡು ವರ್ಷ ಹೊಗಿ ಉಗುಳ್ಕೋತ ಓಡ್ತದ, ಅದಕ್ಕ ಕೈ ಹಚ್ಚಬ್ಯಾಡ್ರಿ. ಪೇಂಟ್ ಬ್ಯಾಡ. ಬ್ರೇಕ್, ಸ್ಟೇರಿಂಗ್, ಟಾಯರ್, ಇವಿಷ್ಟು ಪೂರಾ ಹೊಸಾದು ಹಾಕ್ರಿ. ಊರಾಗ, ಹೊಲದಾಗ ಓಡಸ್ರಿ. ಸೊಲ್ಲಾಪುರ, ಕಲಬುರ್ಗಿ ಅಂತ ರಾತ್ರಿ ಒಯ್ಯಬ್ಯಾಡ್ರಿ."

1.4 ಲಕ್ಷದ ಕೆಲಸ ಹೇಳಬಹುದಾಗಿದ್ದ ಮನುಷ್ಯ 48 ಸಾವಿರದ ಕೆಲಸ ಹೇಳಿದರು. 1948ರಲ್ಲಿ ಲಂಡನ್ನಿನಲ್ಲಿ ಇಂಥವರೊಬ್ಬರು ಇದ್ದಿದ್ದರೆ!

ಹೊಸ ಗಾಡಿಯ ಮಾತೂ ತೆಗೆದೆವು. ಚಾಚಾ ನಕ್ಕರು. 2020ರ ಏಪ್ರಿಲಿನಿಂದ ಬಿಎಸ್-6. ಹೊಸ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರು, ಸೆನ್ಸರು, ಕಂಪ್ಯೂಟರು. ಗಾಳಿಗೆ ಅದು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಟ್ಟರೆ ಲ್ಯಾಪ್‌ಟಾಪ್ ಚುಚ್ಚಿ ನೋಡಬೇಕು. ವಿದ್ಯೆ ಊರು ಬಿಟ್ಟು ಶೋರೂಮಿಗೆ ಹೋಯಿತು. ಚಾಚಾನ ಮಗ ಪುಣೆಯಲ್ಲಿ ಬೇರೆ ಏನೋ ಕೆಲಸದಲ್ಲಿದ್ದಾನೆ. "ಅವಂಗ ಈ ಎಣ್ಣಿ ಕೈ ಬ್ಯಾಡಾಗ್ಯದ" ಅಂದರು. ಬೇಸರದಿಂದ ಹೇಳಿದರೋ ಸಮಾಧಾನದಿಂದಲೋ ಗೊತ್ತಾಗಲಿಲ್ಲ. ಬಡಿಗೇರನ ಮಗನಿಗೆ ಇಲ್ಲದ ಆಯ್ಕೆ ಇವನಿಗೆ ಸಿಕ್ಕಿದೆ ಅಂತಲೂ ಅನ್ನಿಸಿತು.

ಕೊನೆಗೆ ಏನಾಯ್ತು?

ಎರಡು ಮೆಟ್ಟಿಲಲ್ಲಿ ತೀರ್ಮಾನ ಆಯಿತು. ಆ ವರ್ಷ ಮಳೆ ಹೆಚ್ಚಾಗಿ ತೊಗರಿಗೆ ಪೆಟ್ಟು ಬಿದ್ದಿತ್ತು, ನನ್ನ ಕಂಪನಿಯಲ್ಲೂ ಜನರನ್ನು ಮನೆಗೆ ಕಳಿಸುವ ಸುದ್ದಿ ಹಬ್ಬಿತ್ತು. ಐದು ವರ್ಷದ ಕಂತಿಗೆ ಇಬ್ಬರಿಗೂ ಧೈರ್ಯ ಬರಲಿಲ್ಲ. ಚಾಚಾ ಹೇಳಿದ ಅಷ್ಟೇ ಕೆಲಸ ಮಾಡಿಸಿದೆವು. ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿ ನಾನೇ ಬ್ರೇಕಿನ ಸಾಮಾನು ಕಳಿಸಿದೆ. ತಪಾಸಣೆ ಆಯಿತು, 2030ರವರೆಗೆ ನೋಂದಣಿ ಸಿಕ್ಕಿತು.

ಎರಡನೆಯದು, ಆಸ್ಪತ್ರೆ, ಮದುವೆ, ದೂರದ ದಾರಿ ಏನೇ ಇದ್ದರೂ ಬಾಡಿಗೆ ಗಾಡಿ. ಅದರ ದುಡ್ಡು ನನ್ನದು. ಆ ಲೆಕ್ಕಕ್ಕೆ ತಿಂಗಳಿಗೆ ₹8,000 ಬೇರೆ ಖಾತೆಗೆ ಹಾಕ್ತಾ ಇದ್ದೇನೆ. ಬಾಡಿಗೆಗೆ ಹೋಗಿ ಉಳಿದದ್ದು ಮುಂದಿನ ಗಾಡಿಗೆ. 2030ರಲ್ಲಿ ಹಳೇದನ್ನು ಗುಜರಿಗೆ ಒಪ್ಪಿಸೋದು ಅಂತ ಅಪ್ಪ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾರೆ. ಈ ಸಲ ಮರೆಯಲ್ಲವಂತೆ.

ರಿಪೇರಿ ಆದ ಮೇಲೆ ಮೊದಲ ಸಲ ಓಡಿಸಿದ ದಿನ ಅಪ್ಪ ಫೋನ್ ಮಾಡಿದ್ದರು.

"ಹೆಂಗದ ಬ್ರೇಕ್?" ಅಂದೆ.

"ಚೌಡಾಪುರದ ಹತ್ರ ಅದೇ ಜಾಗಾದಾಗ ಹಾಕಿ ನೋಡೀನಿ. ನಿಂತದ."

"ಅವ್ವ?"

"ಅಕಿ ಬಂದಿಲ್ಲ. ಮೊದಲ ನೀ ಒಬ್ಬನ ಹೋಗಿ ನೋಡಿ ಬಾ ಅಂದಳು."